ಒಂದೇ ಟ್ರಂಕಿನಲ್ಲಿ ಎಕ್ಸ್‌ಟೆನ್ಷನ್ನಿಗೊಂದು ನಂಬರ್

'ವಿಭಾಗಕ್ಕೊಂದು ಸಿಪ್ ಟ್ರಂಕ್ (ನೆಟ್‌ವರ್ಕ್ ಮೂಲಕ ಹಲವು ಕರೆ ಹೊರುವ ಫೋನ್ ಲೈನ್) ತಗೊಳ್ಳದೆ ಬೇರೆ ಬೇರೆ ಕಾಲರ್ ಐಡಿ ಹೋಗಲ್ಲ' ಅಂದವರೇ ಹೆಚ್ಚು. ಕೇಳಿದ್ದರೆ ಆರೇಳು ಟ್ರಂಕಿನ ತಿಂಗಳ ಬಾಡಿಗೆ ದಂಡ. ಈಗ ಸುಮಾರು 40 ಎಕ್ಸ್‌ಟೆನ್ಷನ್ (ಕಚೇರಿಯ ಒಳಫೋನ್) ಒಂದೇ ಟ್ರಂಕಿನಲ್ಲಿ ಓಡುತ್ತಿವೆ, ಪ್ರತಿಯೊಂದರ ಡಿಐಡಿಯೂ (ಹೊರಗಿನವರು ನೇರ ಕರೆಯಬಹುದಾದ ಅದರದೇ ನಂಬರ್) ಸರಿಯಾಗಿ ಕಾಣುತ್ತದೆ.

ಮೊದಲ ಪೆಟ್ಟು ಕಚೇರಿಯ ಕರೆಗಳನ್ನು ನಡೆಸುವ ತಂತ್ರಾಂಶ ಫ್ರೀಪಿಬಿಎಕ್ಸ್‌ನಲ್ಲೇ. ಹೊರಕರೆಗೆ ಅದು ಹಾಕುವುದು ಎಕ್ಸ್‌ಟೆನ್ಷನ್ನಿನ ಔಟ್‌ಬೌಂಡ್ ಸಿಐಡಿ (ಕಾಲರ್ ಐಡಿ), ಅದು ಖಾಲಿಯಿದ್ದರೆ ರೂಟಿನದು (ಯಾವ ಕರೆ ಯಾವ ಟ್ರಂಕಿಗೆ ಎಂಬ ನಿಯಮ), ಅದೂ ಇಲ್ಲದಿದ್ದರೆ ಟ್ರಂಕಿನದು. ಆದರೆ ರೂಟಿನ 'ಓವರ್‌ರೈಡ್ ಎಕ್ಸ್‌ಟೆನ್ಷನ್' ಈ ಸರದಿಯನ್ನು ಕೆಡಿಸುತ್ತದೆ. 'ಫೋರ್ಸ್ ಟ್ರಂಕ್ ಸಿಐಡಿ' ಇದ್ದರಂತೂ ಉಳಿದದ್ದೆಲ್ಲ ವ್ಯರ್ಥ. ಎರಡನ್ನೂ ತೆಗೆದೆ. ಆದರೂ ಮೊಬೈಲಿನಲ್ಲಿ ಪೈಲಟ್ ನಂಬರೇ, ಅಂದರೆ ಟ್ರಂಕಿನ ಮುಖ್ಯ ನಂಬರೇ!

ಸಿಪ್ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್‌ನಲ್ಲಿ ನೋಡಿದರೆ, ಕರೆ ಯಾರದೆಂದು ಹೇಳುವ ಫ್ರಂ ಹೆಡರಿನಲ್ಲಿ ಅಕೌಂಟಿನ ಹೆಸರು. ಪಿಜೆಸಿಪ್‌ನ (ಸಿಪ್ ಸಂಪರ್ಕ ನೋಡಿಕೊಳ್ಳುವ ಭಾಗ) ಫ್ರಂ ಯೂಸರ್ ಅಳಿಸಿದರೆ 403, ಅಂದರೆ ಕರೆಗೆ ನಿರಾಕರಣೆ, ಏಕೆಂದರೆ ಪೂರೈಕೆದಾರರು ಗುರುತು ಹಿಡಿಯುವುದೇ ಅದರಿಂದ. ಅದನ್ನು ಹಾಗೇ ಬಿಟ್ಟು ಸೆಂಡ್ ಪಿಎಐ ಯೆಸ್ ಮಾಡಿ, ನಂಬರನ್ನು ಪಿ-ಅಸರ್ಟೆಡ್-ಐಡೆಂಟಿಟಿ (ಪಿಎಐ) ಎಂಬ ಇನ್ನೊಂದು ಹೆಡರಿನಲ್ಲಿ ಕಳಿಸಿದೆ. ಅವರು ಯಾವ ಹೆಡರ್ ಓದುತ್ತಾರೆಂದು ಟಿಕೆಟ್ ಹಾಕಿ ಕಾಯಬೇಡಿ. ಫ್ರಂ ಯೂಸರ್ ಕಡ್ಡಾಯವಿಲ್ಲದ ಟ್ರಂಕಿನಲ್ಲಿ ಎರಡು ಹೆಡರಿನಲ್ಲೂ ನಿಮ್ಮದೇ ಬೇರೆ ಬೇರೆ ಡಿಐಡಿ ಇಟ್ಟು ಒಂದು ಕರೆ ಮಾಡಿ, ಕಂಡದ್ದೇ ಉತ್ತರ.

ಹೆಚ್ಚು ಹೊತ್ತು ತಿಂದದ್ದು ನಂಬರಿನ ರೂಪ. ಪ್ಲಸ್ ಸಮೇತ ದೇಶದ ಕೋಡೋ, ಪ್ಲಸ್ ಬಿಟ್ಟೋ, ಮುಂದೆ ಸೊನ್ನೆಯೋ? ತಪ್ಪಿದರೆ ಎರರ್ ಬರುವುದಿಲ್ಲ, ಸದ್ದಿಲ್ಲದೆ ಪೈಲಟ್ ನಂಬರ್ ಹಾಕಿಬಿಡುತ್ತಾರೆ. ಮೂವತ್ತು ಚಿಲ್ಲರೆ ಪರೀಕ್ಷಾ ಕರೆಗಳ ಬಿಲ್ಲು ಅಲ್ಲೇ ಆಯಿತು. ರೂಪ ತಿದ್ದುವ ಡಯಲ್‌ಪ್ಲಾನ್ (ಕರೆ ನಡೆಸುವ ಸೂಚನೆಗಳ ಪಟ್ಟಿ) ಸಾಲು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಫಾರ್ವರ್ಡ್ ಕರೆ ಇನ್ನೊಂದು ತಲೆನೋವು. ಹೊರಗಿನವರ ನಂಬರ್ ನಮ್ಮ ಡಿಐಡಿ ಅಲ್ಲವಲ್ಲ, ಮತ್ತೆ 403. ಕರೆ ಯಾವ ನಂಬರಿನಿಂದ ಫಾರ್ವರ್ಡ್ ಆಯಿತೆಂದು ಹೇಳುವ ಡೈವರ್ಷನ್ ಹೆಡರ್ ಹೋಗುತ್ತಿತ್ತು, ಆದರೆ ಅದರಲ್ಲಿದ್ದದ್ದು 204 ಎಂಬ ಒಳನಂಬರ್. ಡಯಲ್‌ಪ್ಲಾನಿನ ರಿಡೈರೆಕ್ಟಿಂಗ್ ಫಂಕ್ಷನ್ನಿನಲ್ಲಿ ಫ್ರಂ-ನಮ್‌ಗೆ (ಫಾರ್ವರ್ಡ್ ಮಾಡಿದ ನಂಬರ್) ಪೂರ್ತಿ ಡಿಐಡಿ ಕೊಟ್ಟ ಮೇಲೆ ದಾರಿ ಬಿಟ್ಟಿತು. ಇಂಥ ಕರೆ ಎರಡು ಚಾನೆಲ್ ಹಿಡಿಯುತ್ತದೆ, ಹೊರಹೋಗುವ ಭಾಗಕ್ಕೆ ದುಡ್ಡೂ ನಮ್ಮದೇ.

ನಡುವೆ ಎಫ್‌ಎಕ್ಸ್‌ಓ ಗೇಟ್‌ವೇಯಲ್ಲೂ (ಹಳೇ ಅನಲಾಗ್ ಲೈನನ್ನು ಜೋಡಿಸುವ ಪೆಟ್ಟಿಗೆ) ಕೈಯಾಡಿಸಿದೆ. ವ್ಯರ್ಥ: ಅನಲಾಗ್ ಲೈನಿನ ನಂಬರ್ ಎಕ್ಸ್‌ಚೇಂಜಿನದು, ನಾವೇನು ಬರೆದರೂ ಹೋಗುವುದಿಲ್ಲ. ಪಿಆರ್‌ಐ (ಹಲವು ಕರೆ ಹೊರುವ ಡಿಜಿಟಲ್ ಲೈನ್) ಪರವಾಗಿಲ್ಲ, ಟೈಪ್ ಆಫ್ ನಂಬರ್ ನ್ಯಾಷನಲ್ಲೋ ಇಂಟರ್‌ನ್ಯಾಷನಲ್ಲೋ ಎಂಬುದು ಅವರು ಕೇಳಿದಂತಿರಬೇಕು ಅಷ್ಟೆ.