ಸೊಂಟ ನೋವಿಗೆ ಸೂಜಿ ಹಾಕಿಸಿಕೊಳ್ಳುವ ಮುಂಚೆ

ತೀರ್ಥಹಳ್ಳಿ ಕಡೆಯವಳು ನಾನು. ಅಡಿಕೆ ಸುಲಿತ ಶುರುವಾದರೆ ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತವಳು ಏಳುವುದು ರಾತ್ರಿ 11ಕ್ಕೆ. ಹೋದ ವರ್ಷ ಸೊಂಟ ಹಿಡಿದದ್ದು ಮೂರು ತಿಂಗಳಾದರೂ ಬಿಡಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಆಕ್ಯುಪಂಕ್ಚರ್, ಅಂದರೆ ಮೈಯ ಕೆಲವು ಜಾಗಗಳಿಗೆ ಸಣ್ಣ ಸೂಜಿ ಚುಚ್ಚಿಡುವ ಚಿಕಿತ್ಸೆ, ಮಾಡಿಸಿಕೊಂಡೆ.

ನೀವೂ ಹೊರಟಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಕಾಲು ಸೋಲುತ್ತಿದ್ದರೆ, ತೊಡೆ ಸಂದಿ ಮರಗಟ್ಟಿದ್ದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋಗುತ್ತಿದ್ದರೆ ಸೂಜಿಯ ಮಾತೇ ಬೇಡ, ಅವತ್ತೇ ಆಸ್ಪತ್ರೆಗೆ ಓಡಿ. ಬಿದ್ದು ಬಂದ ನೋವು, ಜ್ವರದ ಜೊತೆ ಬಂದ ನೋವನ್ನೂ ಸುಮ್ನೆ ಬಿಡಬೇಡಿ. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಸೂಜಿ ಹಾಕುವವರಿಗೆ ಮೊದಲೇ ಹೇಳಬೇಕು.

ಕೇಳುವುದಕ್ಕೆ ಸಂಕೋಚ ಬೇಡ. ನಾನು ಮೊದಲು ಹೋದ ಕಡೆ ತೆರೆದ ತಟ್ಟೆಯಿಂದ ಸೂಜಿ ತೆಗೆದರು. ಎದ್ದು ಬಂದುಬಿಟ್ಟೆ. ಒಂದೇ ಸಲ ಬಳಸಿ ಬಿಸಾಡುವ ಸೂಜಿಯ ಪ್ಯಾಕೆಟ್ಟನ್ನು ನಿಮ್ಮೆದುರೇ ಒಡೆಯಬೇಕು.

ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ಸುತ್ತಬಹುದು, ಏನಾದರೂ ತಿಂದುಕೊಂಡು ಹೋಗಿ. ನನ್ನನ್ನು ಬೋರಲು ಮಲಗಿಸಿ ಸೊಂಟದ ಎರಡೂ ಬದಿಗೆ, ಮಂಡಿಯ ಹಿಂದಿನ ಮಡಿಕೆಗೆ, ಹಿಮ್ಮಡಿ ಪಕ್ಕಕ್ಕೆ ಸೂಜಿ ಹಾಕಿದರು. ಇಂಜೆಕ್ಷನ್ ಸೂಜಿಯಷ್ಟು ದಪ್ಪ ಅಲ್ಲ. ಇರುವೆ ಕಡಿದಷ್ಟೇ. ಆಮೇಲೆ ಒಳಗೆ ಜೋಮು ಹಿಡಿದ ಹಾಗೆ ಒಂದು ಭಾರ ಬರುತ್ತದೆ, ಹೆದರಬೇಡಿ. ಕರೆಂಟ್ ಹೊಡೆದ ಹಾಗೆ ಚುರ್ ಎಂದರೆ ಮಾತ್ರ ತಕ್ಷಣ ಹೇಳಿ. 20-30 ನಿಮಿಷ ಅಲ್ಲಾಡದೆ ಮಲಗಿರಬೇಕು.

ವಾರಕ್ಕೆ ಎರಡರಂತೆ 10 ಸಲ ಹೋದೆ. ನಾಲ್ಕನೇ ಸಲದ ಮೇಲೆ ಕಂಬಿ ಹಿಡಿದು ನರಳದೆ ಬಸ್ಸಿಳಿದೆ. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾರೆ. 2017ರಲ್ಲಿ ಅಮೆರಿಕದ ವೈದ್ಯರ ಸಂಸ್ಥೆಯೊಂದು ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಮಾಡಿ ನೋಡುವ ಚಿಕಿತ್ಸೆಗಳಲ್ಲಿ ಇದನ್ನೂ ಸೇರಿಸಿತು. ಅದರ ಹಿಂದಿನ ವರ್ಷವೇ ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆ ಕೊಡಬೇಕೆಂದು ಸಲಹೆ ಮಾಡುವ ನೈಸ್ ಸಂಸ್ಥೆ ಸೊಂಟ ನೋವಿಗೆ ಇದು ಬೇಡ ಅಂದಿತ್ತು. 2007ರ ಜರ್ಮನಿಯ ದೊಡ್ಡ ಪರೀಕ್ಷೆಯಲ್ಲಿ ಆಕ್ಯುಪಂಕ್ಚರಿನ ಜಾಗ ಬಿಟ್ಟು ಬೇರೆ ಕಡೆ ಬರೀ ಚರ್ಮದ ಮೇಲ್ಮೇಲೆ ಚುಚ್ಚಿಸಿಕೊಂಡವರಿಗೂ ನಿಜವಾದ ಆಕ್ಯುಪಂಕ್ಚರ್ ಮಾಡಿಸಿಕೊಂಡವರಿಗೆ ಆದಷ್ಟೇ ಗುಣ ಹೆಚ್ಚುಕಮ್ಮಿ ಕಂಡಿತು. ಹಾಗಾಗಿ ಸೂಜಿಯಿಂದ ಬೆನ್ನುಮೂಳೆಯ ಜಾರಿದ ಡಿಸ್ಕ್ ಕೂರಿಸಿ ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ.

ನೋವು ತಗ್ಗಿದ ದಿನಗಳನ್ನು ಮಲಗಿ ಕಳೆಯಬಾರದು. ಅದೇ ನಡೆಯುವ ಸಮಯ. ನಾನು ಮೊದಲು ತೋಟದ ದಣಪೆವರೆಗೆ, ಆಮೇಲೆ ಹಳ್ಳದವರೆಗೆ ನಡೆದೆ. ಈ ಸಲ ಕೂರುವ ಮಣೆ ಎತ್ತರಿಸಿಕೊಂಡಿದ್ದೇನೆ. ಒಂದು ಡಬ್ಬ ಅಡಿಕೆ ತುಂಬಿದ ಕೂಡಲೇ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬರುತ್ತೇನೆ.