ನಾಲ್ವರು ಹಿಡಿಯುತ್ತಿದ್ದ ಕೈ

ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮಾತ್ರೆ ಅಂದಮೇಲೆ ಮೊದಲ 18 ವಾರ ವಾರವಾರವೂ ರಕ್ತ ತೆಗೆಯಲೇಬೇಕು. ಬಿಳಿ ರಕ್ತಕಣ ಕುಸಿದರೆ ಗೊತ್ತಾಗಬೇಕಲ್ಲ. ಕೆಂಗೇರಿ ಕಡೆಯ ನಮ್ಮ ಆರೈಕೆ ಹೋಮ್‌ನ ಈ ಹುಡುಗನಿಗೆ (ಹುಡುಗ ಅಂತೀವಿ, ವಯಸ್ಸು ಇಪ್ಪತ್ತಾರು ದಾಟಿದೆ) ಬೌದ್ಧಿಕ ಅಂಗವೈಕಲ್ಯದ ಜೊತೆ ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳುವಂಥ ಮಾನಸಿಕ ಕಾಯಿಲೆ) ಕೂಡ. ಲ್ಯಾಬ್ ಹುಡುಗನ ಬ್ಯಾಗ್ ಕಂಡರೆ ಸಾಕು, ಮಂಚದಡಿ ಸೇರುತ್ತಿದ್ದ.

ಮೊದಲ ಮೂರು ವಾರ ನಾಲ್ವರು ಅದುಮಿ ಹಿಡಿದೇ ತೆಗೆದದ್ದು. ಎರಡನೇ ವಾರ ನನ್ನ ಕನ್ನಡಕ ಹೋಯಿತು, ಎರಡು ಸಾವಿರದ ಮೇಲೆ. ಮೂರನೇ ವಾರ ಆ ಗಲಾಟೆಯಲ್ಲಿ ಟ್ಯೂಬ್ ಮೇಲೆಕೆಳಗೆ ಮಗುಚಿ ಬೆರೆಸಲು ಯಾರಿಗೂ ನೆನಪಾಗದೆ ರಕ್ತ ಹೆಪ್ಪುಗಟ್ಟಿತು. ಮತ್ತೆ ಚುಚ್ಚು, ಮತ್ತೆ ಮುನ್ನೂರು ಚಿಲ್ಲರೆ. ಮಂಪರು ಬರಿಸುವ ಲೊರಾಜೆಪಾಮ್ ಕೊಟ್ಟು ತೆಗೆಯೋಣ ಅಂದರೊಬ್ಬರು. ಕ್ಲೋಜಪಿನ್ ಹೊಸದಾಗಿ ಶುರುವಾದಾಗ ಅದೂ ಸೇರಿದರೆ ಉಸಿರಿಗೇ ಸಂಚಕಾರ, ನಾನು ಜಗ್ಗಲಿಲ್ಲ. ಮರಗಟ್ಟಿಸುವ ಕ್ರೀಮ್ ತಂದೆ. ಹಚ್ಚಿ ಒಂದು ಗಂಟೆ ಬಿಡಬೇಕು. ಐದೇ ನಿಮಿಷಕ್ಕೆ ಒರೆಸಿ ಗೋಡೆಗೆ ಬಳಿದ.

ನಾಲ್ಕನೇ ವಾರ ಕಣ್ಣಿಗೆ ಬಿತ್ತು: ಸೂಜಿ ಇನ್ನೂ ಕವರಿನಲ್ಲೇ ಇದೆ, ಇವನು ಆಗಲೇ ಕಿರುಚುತ್ತಿದ್ದಾನೆ. ಭಯ ಸೂಜಿಯದಲ್ಲ, ತೋಳಿಗೆ ಕಟ್ಟುವ ರಬ್ಬರಿನದು. ಅದು ಚಟ್ ಅಂದ ಕೂಡಲೇ ಮೈಯೆಲ್ಲ ಸೆಟೆದುಕೊಳ್ಳುತ್ತೆ. ಬಿಪಿ ಪಟ್ಟಿಗಾದರೆ ದಿನಾ ತಾನೇ ತೋಳು ಒಡ್ಡುತ್ತಾನೆ! ರಬ್ಬರು ಬಿಸಾಕಿ ಪಟ್ಟಿಯನ್ನೇ ಐವತ್ತು–ಅರವತ್ತರವರೆಗೆ ಉಬ್ಬಿಸಿ ನಿಲ್ಲಿಸಿದೆ.

ಕಾಫಿ ಆದಮೇಲೆ ದಿನಕ್ಕೆರಡು ಸಲ ಅಭ್ಯಾಸ. ಮೊದಲು ಬರೀ ಪಟ್ಟಿ, ಆಮೇಲೆ ಸ್ಪಿರಿಟ್ ಹತ್ತಿ, ಆಮೇಲೆ ಸೂಜಿಯಿಲ್ಲದ ಸಿರಿಂಜು. ಅವನು "ಸಾಕು" ಅಂದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಆ ವಾರಗಳ ನಿಜವಾದ ರಕ್ತ ಬೇರೆ ಕೋಣೆಯಲ್ಲಿ, ಹಳೇ ರೀತಿಯಲ್ಲೇ. ಅಭ್ಯಾಸದ ಕುರ್ಚಿ ಕೆಡಬಾರದು. ಬಹುಮಾನಕ್ಕೆ ಬಿಸ್ಕತ್ತು ಕೊಡುತ್ತಿದ್ದೆ, ತಿಂಗಳಲ್ಲಿ ಎರಡು ಕಿಲೋ ಏರಿದ. ಈ ಮಾತ್ರೆಗೆ ಮೊದಲೇ ತೂಕ ಕೂಡುತ್ತೆ, ನನ್ನದೇ ದಡ್ಡತನ. ಆಮೇಲೆ ಬಿಸ್ಕತ್ತಿನ ಬದಲು ಬಿಎಂಟಿಸಿ ಬಸ್ಸಿನ ಹಳೇ ಟಿಕೆಟ್ಟು. ಆಯಾಗಳೆಲ್ಲ ಕೂಡಿಟ್ಟು ತಂದುಕೊಟ್ಟರು, ಖರ್ಚು ಸೊನ್ನೆ.

"ಸಿಸ್ಟರ್, ಇದೆಲ್ಲ ಪುಸ್ತಕದಲ್ಲಿ ಚೆನ್ನಾಗಿರುತ್ತೆ" ಅಂದಿದ್ದರು ಇನ್‌ಚಾರ್ಜ್. ಎಂಟನೇ ವಾರ ನಾನೊಬ್ಬಳೇ ತೆಗೆದೆ, ಅವರು ಬಾಗಿಲಲ್ಲೇ ನಿಂತು ನೋಡಿದರು. ಸೂಜಿ ಇಳಿಯುವಾಗ ಅವನ ಕಿವಿಯಲ್ಲಿ ಏನು ಹೇಳ್ತೀನಿ ಅಂತ ಲ್ಯಾಬ್ ಹುಡುಗ ಇವತ್ತಿಗೂ ಕೇಳ್ತಾನೆ. ಅದು ನಮ್ಮಿಬ್ಬರ ನಡುವೆಯೇ ಇರಲಿ.

ಇದೇ ಉಪಾಯವನ್ನು ಕ್ಷೌರದ ಮೆಷಿನ್ನಿಗೂ ಹೂಡಿದೆ. ಗುರ್ ಅಂದರೆ ಈಗಲೂ ಓಟ. ತಲೆಗೆ ಇನ್ನೂ ಮೂವರು ಬೇಕು.