ಕಾಫಿ ಎಲೆಯ ಆರ್‌ಎನ್‌ಎ ಶುದ್ಧವಾಗಿ ದೊರೆತ ಬಗೆ

ಚಿಕ್ಕಮಗಳೂರಿನ ತೋಟವೊಂದರ ರೊಬಸ್ಟಾ ಗಿಡಗಳಲ್ಲಿ, ಬೇಸಿಗೆಯ ನೀರಿನ ಕೊರತೆಗೆ ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನಿನ ತಯಾರಿಕೆಗೆ ಬೇಕಾದ ಎನ್‌ಸಿಇಡಿ ಜೀನ್ ಎಷ್ಟು ಚುರುಕಾಗುತ್ತದೆಂದು ಅಳೆಯಲು ಹೊರಟಾಗ, ಬಲಿತ ಎಲೆಗಳಿಂದ ತೆಗೆದ, ಜೀನ್‌ನ ಸಂದೇಶ ಹೊತ್ತ ಆರ್‌ಎನ್‌ಎ ಕೊಳವೆಯ ತಳದಲ್ಲಿ ಕಂದು ಬಣ್ಣದ ಅಂಟಾಗಿ ಕೂರುತ್ತಿತ್ತು. ಕಾಫಿ ಎಲೆಯಲ್ಲಿ ಹೇರಳವಾಗಿರುವ ಕ್ಲೋರೋಜೆನಿಕ್ ಆಮ್ಲದಂತಹ ಪಾಲಿಫಿನಾಲ್‌ಗಳು ಉತ್ಕರ್ಷಣಗೊಂಡು ಆರ್‌ಎನ್‌ಎಗೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಆದ್ದರಿಂದ ಸಿದ್ಧ ಕಿಟ್ ಬಿಟ್ಟು, ಶೇ. 2ರಷ್ಟು ಪಿವಿಪಿ (ಪಾಲಿಫಿನಾಲ್‌ಗಳನ್ನು ಹಿಡಿದಿಡುವ ಪಾಲಿಮರ್) ಮತ್ತು ಅಷ್ಟೇ ಪ್ರಮಾಣದ, ಉತ್ಕರ್ಷಣ ತಡೆಯುವ ಬೀಟಾ-ಮರ್ಕ್ಯಾಪ್ಟೊಇಥನಾಲ್ ಬೆರೆಸಿದ ಸಿಟಿಎಬಿ (ಕೋಶಪೊರೆ ಒಡೆಯುವ ಮಾರ್ಜಕ) ದ್ರಾವಣವನ್ನು 65 ಡಿಗ್ರಿಗೆ ಕಾಯಿಸಿ ಬಳಸಿದೆ (ಮರ್ಕ್ಯಾಪ್ಟೊಇಥನಾಲ್‌ನ ದುರ್ವಾಸನೆ ಮತ್ತು ವಿಷಗುಣದಿಂದಾಗಿ ಆವಿಯನ್ನು ಹೊರಹಾಕುವ ಫ್ಯೂಮ್ ಹುಡ್ ಕಡ್ಡಾಯ). ಕ್ಲೋರೋಫಾರ್ಮ್‌ನಿಂದ ಶುದ್ಧೀಕರಿಸಿ, ಆರ್‌ಎನ್‌ಎಯನ್ನು ತಳಕ್ಕಿಳಿಸುವ ಲಿಥಿಯಂ ಕ್ಲೋರೈಡ್ ಸೇರಿಸಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಟ್ಟ ಮೇಲೆ ಬೆಳ್ಳಗಿನ ಆರ್‌ಎನ್‌ಎ ದೊರೆತು, ಶುದ್ಧತೆ ತೋರುವ 260/230 ಅನುಪಾತವೂ (ಆ ನ್ಯಾನೊಮೀಟರ್ ತರಂಗಾಂತರಗಳಲ್ಲಿ ಬೆಳಕು ಹೀರುವಿಕೆಯ ಅನುಪಾತ) 2ರ ಸಮೀಪಕ್ಕೆ ಬಂತು. ಎಲೆಯನ್ನು ಕಿತ್ತ ಗಾಯವೇ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನಿನ ಸಂಕೇತವನ್ನು ಎಬ್ಬಿಸಿ ಜೀನ್‌ಗಳ ಚಟುವಟಿಕೆಯನ್ನು ಬದಲಿಸುವುದರಿಂದ, ತೋಟದಲ್ಲೇ ತಕ್ಷಣ ದ್ರವ ಸಾರಜನಕಕ್ಕೆ ಹಾಕುವುದನ್ನು ಮಾತ್ರ ಯಾವ ವಿಧಾನದಲ್ಲೂ ಬಿಡುವಂತಿಲ್ಲ.